ಗ್ಯೂಬೊಂಗಣ್ಣ ಎಲ್ಲಿದ್ದಾನೆ?

"ಈ ಸಲ ಸದ್ದು ಎಲ್ಲಿಂದ, ಮೇಡಂ?" ಎಂದು ಸಿಪ್ರಿಯನ್ ಕೇಳಿದ.

ಹರಿಣಾಕ್ಷಿಗೆ ಅವನ ತಲೆಗೊಂದು ಮೊಟಕಬೇಕೆನಿಸಿತು. ಏಳು ತಿಂಗಳಲ್ಲಿ ಇದು ಎಂಟನೇ ಸಲ. ಹಿಂದಿನ ಚಕ್ರ, ಡ್ಯಾಶ್‌ಬೋರ್ಡಿನ ಒಳಗೆ, ಬ್ರೇಕ್ ಒತ್ತಿದಾಗ, ಎಸಿ ಹಾಕಿದಾಗ, ಹೀಗೆ ಒಂದು ಸಣ್ಣ ಕಾರಿನಲ್ಲಿ ಸದ್ದು ಬರಬಹುದಾದ ಜಾಗಗಳೆಲ್ಲ ಮುಗಿದುಹೋಗಿದ್ದವು. ಉಳಿದಿದ್ದದ್ದು ಸ್ಟೀರಿಂಗ್ ಒಂದೇ.

"ಸ್ಟೀರಿಂಗಿಂದ. ಎಡಕ್ಕೆ ತಿರುಗಿಸುವಾಗ ಕಟ್ ಕಟ್ ಅಂತ ಕೇಳ್ತದೆ."

"ಬಲಕ್ಕೆ?"

"ಬಲಕ್ಕೆ ಇಲ್ಲ."

ಅವನು ಗಂಭೀರವಾಗಿ ತಲೆಯಾಡಿಸಿ ಜಾಬ್ ಕಾರ್ಡಿನಲ್ಲಿ ಬರೆದುಕೊಂಡ. ಮಸ್ಕತ್ತಿನ ವಾದಿ ಅದಾಯ್‌ನಲ್ಲಿದ್ದ ಆ ವರ್ಕ್‌ಶಾಪಿನಲ್ಲಿ ಅವನು ಸರ್ವಿಸ್ ಅಡ್ವೈಸರ್. ಗಿರಾಕಿ ಹೇಳಿದ ದೂರನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಓಡಿಸಿ ಸದ್ದನ್ನು ಕೇಳಿಸಿಕೊಳ್ಳಬೇಕು, ಬಂದು ಕೆಳಗಿನ ಸಾಲಿನಲ್ಲಿ ಕಂಡದ್ದನ್ನು ಬರೆಯಬೇಕು. ಮೊದಲ ಸಲ ಒಂದನ್ನು ಬಿಟ್ಟರೆ ಅವಳ ಕಾರ್ಡುಗಳ ಕೆಳಗಿನ ಸಾಲಿನಲ್ಲೆಲ್ಲ ಒಂದೇ ಬರಹ: ನೋ ಫಾಲ್ಟ್ ಫೌಂಡ್. ಪಕ್ಕದಲ್ಲಿ ಮುತ್ತು ಪೋಣಿಸಿದಂಥ ಸಹಿ ಬೇರೆ.

ಯಾವ ಹೆಂಗಸು ಇಲ್ಲದ ಸದ್ದನ್ನು ಹೊತ್ತುಕೊಂಡು ಪದೇ ಪದೇ ವರ್ಕ್‌ಶಾಪಿಗೆ ಬರುತ್ತಾಳೆ? ಯಾಕೆ ಬರುತ್ತಾಳೆ? ಅಷ್ಟೂ ಹೊಳೆಯದ ಗಂಡಸಿಗೆ ಏನೆನ್ನಬೇಕು?

ಇವತ್ತು ಗುರುವಾರ. ಐದು ಗಂಟೆಯೊಳಗೆ ಅವಳು ಡಾಕ್ಟರ್ ಸೈನಬರಿಗೆ ಉತ್ತರ ಕೊಡಬೇಕಿತ್ತು. ಅವರ ಹಲ್ಲಿನ ಆಸ್ಪತ್ರೆಯಲ್ಲಿ ಹರಿಣಾಕ್ಷಿ ಎಕ್ಸ್‌ರೇ ತೆಗೆಯುವವಳು. ಸುಮಾರು ಮುನ್ನೂರು ಕಿಲೋಮೀಟರ್ ದೂರದ ಇಬ್ರಿಯಲ್ಲಿ ಹೊಸ ಶಾಖೆ ತೆರೆಯುತ್ತಿದ್ದರು. "ನೀನು ಹೋಗುವುದಾದ್ರೆ ಒಂದನೇ ತಾರೀಖಿಂದ. ಬೇಡ ಅಂದ್ರೆ ಕಾರಣ ಹೇಳು," ಎಂದಿದ್ದರು ಡಾಕ್ಟರ್. ಮಸ್ಕತ್ತಿನಲ್ಲಿ ಉಳಿಯಲು ಅವಳಿಗಿದ್ದ ಒಂದೇ ಒಂದು ಕಾರಣ ಈಗ ಎದುರಿಗೆ ಬಗ್ಗಿ ನಿಂತು ಟೈರಿನ ಗಾಳಿ ನೋಡುತ್ತಿತ್ತು.

ಮೊದಲ ಸಲ ಸದ್ದು ನಿಜವಾಗಿಯೂ ಇತ್ತು. ಅವಳು ಕಾರನ್ನು ಇನ್ನೂ ಗೇಟಿನೊಳಗೆ ತರುವಷ್ಟರಲ್ಲೇ ಅವನು ದೂರದಿಂದ, "ಮುಂದಿನ ಬಲಗಡೆ ಬೇರಿಂಗ್ ಹೋಗಿದೆ," ಎಂದಿದ್ದ. ರಿಪೇರಿಯಾಗುವವರೆಗೆ ಅವಳು ಒಳಗೆ ಕುಳಿತು ಫೋನಿನಲ್ಲಿ ಕೊರಿಯನ್ ಸಿನಿಮಾ ನೋಡುತ್ತಿದ್ದಳು. ಕೀ ಕೊಡಲು ಬಂದವನು ಅವಳ ಕಣ್ಣೀರು ಕಂಡು ಗಾಬರಿಯಾದ.

"ಎಂತಾಯ್ತು ಮೇಡಂ? ಊರಿಂದ ಫೋನಾ?"

"ಅಲ್ಲ. ಇವರ ಮಗಳು ತೀರಿಹೋಗಿದ್ದಾಳೆ."

ತೆರೆಯ ಮೇಲೆ ಒಬ್ಬ ಮುದುಕ ಶವಾಗಾರದ ಬಾಗಿಲಲ್ಲಿ ನಿಂತಿದ್ದ. ಅಳುವುದಿಲ್ಲ, ಕೂಗುವುದಿಲ್ಲ. ಪೊಲೀಸನ ಹತ್ತಿರ ಒಂದೇ ಮಾತು ಕೇಳುತ್ತಾನೆ: ಅವಳ ಕಾಲಿಗೆ ಸಾಕ್ಸ್ ಇತ್ತಾ? ಸಿಪ್ರಿಯನ್ ಕೀ ಹಿಡಿದುಕೊಂಡೇ ನಿಂತುಬಿಟ್ಟ.

ಅವತ್ತು ಅವಳು ಅವನಿಗೆ ತಾಕ್ ಗ್ಯೂಬೊಂಗ್‌ನ ಬಗ್ಗೆ ಹೇಳಿದಳು. ಅರವತ್ತು ದಾಟಿದ ನಟ, ಎಷ್ಟೋ ಸಿನಿಮಾ, ಒಂದರಲ್ಲೂ ಹೀರೋ ಅಲ್ಲ. ಒಂದರಲ್ಲಿ ಕಸಾಯಿ, ಕತ್ತಿ ಹಿಡಿದರೆ ಹುಟ್ಟಿನಿಂದ ಅದೇ ಕೆಲಸ ಅನ್ನಬೇಕು. ಇನ್ನೊಂದರಲ್ಲಿ ರಾಜನ ಊಟ ಮೊದಲು ರುಚಿ ನೋಡುವವ. ವಿಷವಿರಬಹುದಾದ ಒಂದು ತುತ್ತನ್ನು ಅವನು ಅಗಿಯುವುದನ್ನು ನೋಡುತ್ತಾ ನಮ್ಮ ಗಂಟಲು ಒಣಗುತ್ತದೆ. ಮತ್ತೊಂದರಲ್ಲಿ ತೂಕಡಿಸುವ ಜಡ್ಜ್, ಮಗದೊಂದರಲ್ಲಿ ಊರಿಗೆಲ್ಲ ಕೇಡು ಬಗೆದು ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವ ಖಳ. ಒಬ್ಬನೇ ಮನುಷ್ಯ ಅಂದರೆ ನಂಬುವುದು ಕಷ್ಟ.

"ನಿಮಗೆ ಹೇಗೆ ಗೊತ್ತಾಗ್ತದೆ?" ಎಂದು ಅವನು ಕೇಳಿದ್ದ.

"ದವಡೆ. ದಿನಕ್ಕೆ ಇಪ್ಪತ್ತು ದವಡೆ ನೋಡ್ತೇನೆ ನಾನು. ಗಡ್ಡ ಅಂಟಿಸಬಹುದು, ವಿಗ್ ಹಾಕಬಹುದು. ಎಲುಬು ಎಲ್ಲಿಗೆ ಹೋಗ್ತದೆ?"

ಅವನು ನಕ್ಕಿದ್ದ. ಆ ನಗೆಯೇ ಮುಂದಿನ ಏಳು ಸದ್ದುಗಳಿಗೂ ಕಾರಣ.

ಪ್ರತಿ ಸಲ ಅವಳು ಹೊಸ ಸಿನಿಮಾ ತರುತ್ತಿದ್ದಳು. ಪ್ರತಿ ಸಲ ಪರೀಕ್ಷೆ: ಇದರಲ್ಲಿ ಅವನೆಲ್ಲಿ? ಪ್ರತಿ ಸಲವೂ ಸಿಪ್ರಿಯನ್ ಫೇಲ್.

"ಈ ಡ್ರೈವರ್?"

"ಅವನಿಗೆ ಇಪ್ಪತ್ತೈದು ವರ್ಷ!"

"ಹಾಗಾದ್ರೆ ಈ ಸನ್ಯಾಸಿ... ಅಲ್ಲ, ಗ್ಯೂಬೊಂಗಣ್ಣ ಕಳೆದ ತಿಂಗಳು ಸತ್ತಿದ್ದಲ್ವಾ?"

"ಅದು ಬೇರೆ ಸಿನಿಮಾ ಮಾರಾಯ್ರೆ!"

ಅವಳು ಬೆರಳಿಟ್ಟು ತೋರಿಸುತ್ತಿದ್ದಳು. ಅವನು ನೋಡಲೆಂದು ಬಗ್ಗುತ್ತಿದ್ದ. ಅವನ ಅಂಗಿಯಿಂದ ಸಾಬೂನು ಮತ್ತು ಗ್ರೀಸಿನ ವಾಸನೆ ಬರುತ್ತಿತ್ತು. ಎದ್ದು ನಿಂತು ಅವನು, "ಓ, ಹೌದಲ್ಲ," ಎಂದು ಕಣ್ಣರಳಿಸಿ ಅವಳನ್ನೇ ನೋಡುತ್ತಿದ್ದ. ಆಮೇಲೆ ಏನು? ಕೀ ಕೈಗಿಟ್ಟು, "ಸದ್ದು ಎಂತದೂ ಇಲ್ಲ ಮೇಡಂ, ಆರಾಮಾಗಿ ಹೋಗಿ," ಎನ್ನುತ್ತಿದ್ದ. ಆರಾಮಾಗಿಯಂತೆ!

"ಯಲ್ಲಾ, ಒಂದು ರೌಂಡ್ ಹೋಗಿ ಬರುವ," ಎಂದ ಸಿಪ್ರಿಯನ್.

ಅವಳು ಪಕ್ಕದ ಸೀಟಿನಲ್ಲಿ ಕುಳಿತು ಬಾಗಿಲನ್ನು ಜೋರಾಗಿಯೇ ಹಾಕಿಕೊಂಡಳು. ಅವನು ಎಂದಿನಂತೆ ಅಲ್ ಅಮೆರಾತ್‌ನ ಕಡೆಗೆ ಹೊರಟ. ಎರಡೂ ಕಡೆ ಬೋಳು ಬೆಟ್ಟ, ಬಿಸಿಲಿಗೆ ಕಣ್ಣು ಬಿಡಲಾಗದು. ಅವಳು ಫೋನನ್ನು ಮಡಿಲಲ್ಲಿಟ್ಟು ಸಿನಿಮಾ ಹಾಕಿ ವಾಲ್ಯೂಮ್ ಏರಿಸಿದಳು.

"ಸದ್ದು ಕೇಳ್ಬೇಕಲ್ವಾ ಮೇಡಂ, ಅದನ್ನು ಸ್ವಲ್ಪ..."

"ನೀವು ಕೇಳಿ ಉದ್ಧಾರ ಮಾಡಿದ್ದು ಸಾಕು. ಇದು ಕೊನೆಯ ಸಿನಿಮಾ. ಕೊನೆಯಲ್ಲಿ ಅವನ ಹೆಸರು ಉಂಟು. ಎರಡು ಸಲ ನೋಡಿದೆ, ನನಗೂ ಸಿಗಲಿಲ್ಲ. ಬರೇ ನಾಲ್ಕು ಹುಡುಗರು, ಒಂದು ದೋಣಿ. ಅವ ಎಲ್ಲಿ ಅಂತ ಹುಡುಕಿ ಸಾಕಾಯ್ತು."

ಅವಳಿಗೆ ನಿಜಕ್ಕೂ ಸಾಕಾಗಿತ್ತು. ನಟನನ್ನು ಹುಡುಕುವುದೂ, ಈ ಮನುಷ್ಯನ ಮುಖದಲ್ಲಿ ಏನಾದರೂ ಸಿಕ್ಕೀತೆಂದು ಹುಡುಕುವುದೂ. ಸಿಪ್ರಿಯನ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಸಿನಿಮಾದಲ್ಲಿ ಬಿರುಗಾಳಿ ಎದ್ದಿತ್ತು. ಹುಡುಗನೊಬ್ಬ ವಯರ್‌ಲೆಸ್ಸಿನಲ್ಲಿ ದಡದವರನ್ನು ಕೂಗುತ್ತಿದ್ದ. ಗರಗರ ಸದ್ದಿನ ನಡುವೆ ದಡದಿಂದ ಒಂದು ದನಿ ಉತ್ತರಿಸಿತು.

"ಇವನೇ," ಎಂದ ಸಿಪ್ರಿಯನ್.

"ಯಾರು?"

"ಗ್ಯೂಬೊಂಗಣ್ಣ. ವಯರ್‌ಲೆಸ್ಸಿನಲ್ಲಿ ಮಾತಾಡುವವ. ಮತ್ತೆ, ಅವ ಸುಳ್ಳು ಹೇಳ್ತಿದ್ದಾನೆ, ಅಲ್ವಾ?"

ಹರಿಣಾಕ್ಷಿ ತೆರೆ ನೋಡಿದಳು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರಗಳು ಓಡುತ್ತಿದ್ದವು: ಬರುತ್ತಿದ್ದೇವೆ ಮಕ್ಕಳೇ, ಹತ್ತಿರದಲ್ಲೇ ಇದ್ದೇವೆ. ಯಾರೂ ಬರುವುದಿಲ್ಲವೆಂದು ಎರಡು ಸಲ ನೋಡಿದ ಅವಳಿಗೆ ಗೊತ್ತಿತ್ತು. ಮುಖ ಕಾಣದ, ದವಡೆ ಕಾಣದ ಆ ಮುದುಕ ಬರೀ ದನಿಯಿಂದ ನಾಲ್ಕು ಮಕ್ಕಳಿಗೆ ಕೊನೆಯ ಗಳಿಗೆಯ ಧೈರ್ಯ ತುಂಬುತ್ತಿದ್ದ.

"ನಿಮಗೆ ಕೊರಿಯನ್ ಬರ್ತದಾ?"

"ಎಲ್ಲಿಂದ ಬರ್ಬೇಕು! ಅವ ಮಾತಿಗೆ ಮೊದಲು ಮೂಗಿನಲ್ಲಿ ಒಂದು ಸಣ್ಣ ಉಸಿರು ತೆಗೀತಾನೆ. ಕಸಾಯಿ ಆಗಿದ್ದಾಗ್ಲೂ ಹಾಗೇ, ಜಡ್ಜ್ ಆಗಿದ್ದಾಗ್ಲೂ ಹಾಗೇ. ಸುಳ್ಳು ಹೇಳುವ ಸೀನಾದ್ರೆ ಮಾತ್ರ ಎರಡು ಸಲ."

ಕಾರು ತಿರುವು ದಾಟಿತು. ಅವಳಿಗೆ ಮೆಲ್ಲಗೆ ಲೆಕ್ಕ ಕೂಡತೊಡಗಿತು.

"ಹಾಗಾದ್ರೆ ಯಾವಾಗಿಂದ ಗೊತ್ತುಂಟು ನಿಮಗೆ?"

"ಮೂರನೇ ಸಿನಿಮಾದಿಂದ."

"ಮತ್ತೆ ಪ್ರತಿ ಸಲ ಗೊತ್ತಿಲ್ಲ ಅಂದದ್ದು?"

"ಗೊತ್ತುಂಟು ಅಂದ್ರೆ ನೀವು ತೋರಿಸುವುದು ನಿಲ್ಲಿಸ್ತಿದ್ರಿ," ಎಂದ ಅವನು. ಅವನ ಕಿವಿ ಕೆಂಪಾಗಿತ್ತು. "ಮತ್ತೆ... ನೀವೂ ಹಾಗೇ ಮೇಡಂ. ಸದ್ದಿನ ವಿಷಯ ಹೇಳುವಾಗ ಎರಡು ಸಲ."

"ಕಾರು ನಿಲ್ಲಿಸಿ," ಎಂದಳು ಅವಳು. ಅವನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದ.

"ಏಳು ತಿಂಗಳು! ಬಾಯಿಗೆ ಬಂದ ಸುಳ್ಳು ಹೇಳಿ, ಚೆನ್ನಾಗಿರುವ ಕಾರಿಗೆ ಇಲ್ಲದ ರೋಗ ಅಂಟಿಸಿ, ನಾಚಿಕೆ ಬಿಟ್ಟು ನಾನು ಬರ್ತಿದ್ದೆ. ನೀವು ಕೂತು ನನ್ನ ಉಸಿರು ಎಣಿಸ್ತಿದ್ರಿ! ಬಾಯಿ ಬಿಟ್ಟು ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

"ಹೆದರಿಕೆ," ಎಂದ ಅವನು. "ನಾನು ಇಗರ್ಜಿಗೆ ಹೋಗುವವ, ನೀವು ದೇವಸ್ಥಾನಕ್ಕೆ. ಹೇಳಿದ ಮೇಲೆ ನೀವು ಬರದಿದ್ರೆ? ಸದ್ದಿಗಾದ್ರೂ ಬರ್ತಿದ್ರಿ."

"ಇನ್ನು ಸದ್ದಿಗೂ ಬರುವುದಿಲ್ಲ. ನನ್ನನ್ನು ಇಬ್ರಿಗೆ ಹಾಕ್ತಿದ್ದಾರೆ. ಐದು ಗಂಟೆಗೆ ಉತ್ತರ ಕೊಡ್ಬೇಕು."

ಅವನು ಎಂಜಿನ್ ಆಫ್ ಮಾಡಿದ. ಎಸಿ ನಿಂತಿತು, ಸಿನಿಮಾದ ಬಿರುಗಾಳಿಯನ್ನೂ ಅವಳು ನಿಲ್ಲಿಸಿದಳು. ಗಡಿಯಾರ ನಾಲ್ಕೂ ಐವತ್ತು ತೋರಿಸುತ್ತಿತ್ತು.

"ಹೇಳುವುದಿದ್ರೆ ಈಗ ಹೇಳಿ. ಇಲ್ಲದಿದ್ರೆ ಖಲಾಸ್."

ಏಳು ತಿಂಗಳಲ್ಲಿ ಮೊದಲ ಸಲ ಹರಿಣಾಕ್ಷಿ ಅವನ ಮುಖ ನೋಡುವುದನ್ನು ಬಿಟ್ಟು ಕಿವಿಗೊಟ್ಟಳು. ಅವನು ಉಸಿರು ತೆಗೆದುಕೊಂಡ. ಅವಳು ಕಾದಳು. ಎರಡನೆಯದು ಬರಲಿಲ್ಲ.

"ಹೋಗ್ಬೇಡಿ ಹರಿಣಾಕ್ಷಿ. ನನಗೆ ನೀವು ಬೇಕು. ನಿಮ್ಮ ಮನೆಯವರು ಒಪ್ಪುವುದು ಕಷ್ಟ, ನನ್ನ ಅಮ್ಮ ಇನ್ನೂ ಕಷ್ಟ. ಆದ್ರೂ ಬೇಕು."

ಮೇಡಂ ಅನ್ನಲಿಲ್ಲ ಅವನು. ಅಷ್ಟಕ್ಕೇ ಅವಳ ಕಣ್ಣು ತುಂಬಿತು, ಜೊತೆಗೆ ಕಳೆದುಹೋದ ಏಳು ತಿಂಗಳ ಸಿಟ್ಟೂ ಉಳಿದೇ ಇತ್ತು. ಅವನ ತೋಳಿಗೆ ಒಂದು ಗುದ್ದು ಕೊಟ್ಟಳು. ಕೊಟ್ಟ ಕೈಯನ್ನು ಹಿಂದೆ ತೆಗೆಯಲಿಲ್ಲ.

ಫೋನ್ ರಿಂಗಾಯಿತು. ಡಾಕ್ಟರ್ ಸೈನಬ.

"ಎಂತ ತೀರ್ಮಾನ ಮಾಡಿದೆ ಹರಿಣಾಕ್ಷಿ?"

"ಇಬ್ರಿಗೆ ಆಗುವುದಿಲ್ಲ ಡಾಕ್ಟರ್. ಯಾಕೆಂದ್ರೆ ಊರಲ್ಲಿ ಅಮ್ಮನಿಗೆ..." ಎಂದು ಶುರುಮಾಡಿದವಳಿಗೆ ತನ್ನ ಮೂಗಿನಲ್ಲಿ ಎರಡನೇ ಉಸಿರು ತಾನೇ ಕೇಳಿಸಿತು. ಪಕ್ಕದಲ್ಲಿ ಸಿಪ್ರಿಯನ್ ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದ. ಅವಳು ಮಾತು ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದಳು.

"ಅಮ್ಮ ಚೆನ್ನಾಗಿದ್ದಾರೆ ಡಾಕ್ಟರ್. ಮಸ್ಕತ್ತಿನಲ್ಲಿ ನನಗೆ ಒಬ್ಬರು ಇದ್ದಾರೆ."

ಆ ಕಡೆಯಿಂದ ನಗು ಕೇಳಿಸಿತು. "ವರ್ಕ್‌ಶಾಪಿನವರಾ? ಅಂತೂ ಆಯ್ತಲ್ಲ! ಇಲ್ಲಿ ಎಲ್ಲರಿಗೂ ಗೊತ್ತುಂಟು ಮಾರಾಯ್ತಿ. ಯಾವ ಕಾರು ಅಷ್ಟು ಸಲ ಹಾಳಾಗ್ತದೆ?"

ಸಿಪ್ರಿಯನ್ ಕಾರು ಸ್ಟಾರ್ಟ್ ಮಾಡಿ, ಹಿಂದೆ ಬರುವ ಗಾಡಿಗಳನ್ನು ನೋಡಿಕೊಂಡು, ವರ್ಕ್‌ಶಾಪಿನ ಕಡೆಗೆ ಮರಳಲು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದ. ಇಬ್ಬರೂ ಕಿವಿಗೊಟ್ಟು ಕುಳಿತರು. ಸದ್ದು ಏನೂ ಬರಲಿಲ್ಲ.