ಸೇತುವೆ ಖಾಲಿ ಇದೆ

"ಖಾಲಿ ಅಂತ ಬರೀಬೇಡಪ್ಪ," ಎಂದಳು ಮುದುಕಿ. "ಬರೆದ್ರೆ ಆಮೇಲೆ ಈ ಸೇತುವೆ ದಾಟೋಕೆ ಬರಬೇಡ."

ಸರ್ವೆಯರ್ ತಲೆಯೆತ್ತಲಿಲ್ಲ. ಸೇತುವೆಯ ಬಾಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದ. ವಾಹನ ಹಾದಾಗಲೆಲ್ಲ ಅಂಗೈಯಲ್ಲಿದ್ದ ಎಣಿಕೆ ಯಂತ್ರದ ಗುಂಡಿ ಒತ್ತುವುದು ಅವನ ಕೆಲಸ. ಹೆಬ್ಬೆರಳಿಗೆ ಶ್ರಮವೇ ಇರಲಿಲ್ಲ. ಶಾಲೆಗಳಿಗೆ ರಜೆ, ಆಚೆ ದಡದ ಗಿರಣಿಗೂ ರಜೆ. ರಜೆಯಲ್ಲಿ ಎಣಿಸಬಾರದೆಂಬುದು ಈ ವೃತ್ತಿಯ ಮೊದಲ ಪಾಠ. ಅದು ಅವನಿಗೂ ಗೊತ್ತಿತ್ತು, ಕಳಿಸಿದ ಮೇಲಧಿಕಾರಿಗೂ ಗೊತ್ತಿತ್ತು. "ಎಣಿಸಿ ಮುಗಿಸಪ್ಪ, ಎಷ್ಟೂಂತ ಎಳೆಯೋದು" ಎಂದಿದ್ದರು ಅವರು. ಸೇತುವೆಯ ಈಚೆಗಿನ ಹೊಲಗಳೆಲ್ಲ ವಸತಿ ವಲಯವಾಗಬೇಕಿತ್ತು. ಅದಕ್ಕೆ, ರಸ್ತೆಯಲ್ಲಿ ಜಾಗವಿದೆಯೆಂದು ಯಾರಾದರೂ ಬರೆದುಕೊಡಬೇಕಿತ್ತು.

"ಬರೆದ್ರೆ ಏನಾಗತ್ತಜ್ಜಿ? ಸೇತುವೆ ಬಂದು ಕಚ್ಚತ್ತಾ?"

"ನನ್ನ ಮಗ ಇಲ್ಲೇ ಹೋದ. ಆಂಬುಲೆನ್ಸ್ ಒಳಗೆ. ಹಿಂದೂ ಗಾಡಿ, ಮುಂದೂ ಗಾಡಿ." ಅವಳು ಗಲ್ಲದಿಂದ ತಡೆಗೋಡೆಯ ಬುಡ ತೋರಿಸಿದಳು. "ಅವನ ಅಂಗಿ ಅಲ್ಲಿದೆ. ಸುಮ್ನೆ ಹೂತಿಲ್ಲ."

ಸುತ್ತ ನೆಲವೆಲ್ಲ ಒಣಗಿ ಬಿರಿದಿದ್ದರೂ ಅಲ್ಲೊಂದು ಕಡೆ ಮಣ್ಣು ಒದ್ದೆಯಾಗಿತ್ತು. ಅದರ ಸುತ್ತ ಬೂದಿಯ ಬಳೆ. ಸುಟ್ಟ ಕೂದಲಿನ ಕಮಟು. ಸರ್ವೆಯರ್ ಎದ್ದು ಹೋಗಿ ಬೂಟುಗಾಲಿನಿಂದ ಬಳೆಯನ್ನು ಉಜ್ಜಿ ಅಳಿಸಿದ.

"ನೋಡಿ. ಏನೂ ಆಗ್ಲಿಲ್ಲ."

ಮುದುಕಿ ಸಿಟ್ಟಾಗಲಿಲ್ಲ. ದಣಿದವನನ್ನು ದಣಿದವರು ನೋಡುವ ಹಾಗೆ ನೋಡಿದಳು. "ಈಗ ಆಗಲ್ಲ. ಈಗ ಖಾಲಿ ಇದೆಯಲ್ಲ," ಎಂದು ಹೊರಟುಹೋದಳು.

ವಲಯ ಬದಲಾವಣೆಯ ಬಗ್ಗೆ ಊರವರ ಅಹವಾಲು ಕೇಳುವ ಸಭೆ ಅಂದು ಮಧ್ಯಾಹ್ನವೆಲ್ಲ ನಡೆಯಿತು. ಫ್ಯಾನು ಬಿಸಿಗಾಳಿಯನ್ನೇ ಕಲಕುತ್ತಿತ್ತು. ಬೆವರು, ಹಳೆಯ ಬಣ್ಣ, ಆರಿದ ಚಹಾದ ವಾಸನೆ.

"ನನ್ನ ಹೊಲ, ನಾನು ಮಾರ್ತೀನಿ. ನಿಮ್ಮಪ್ಪನ ಗಂಟೇನು ಹೋಗತ್ತೆ?" ಎಂದ ಒಬ್ಬ ಹೊಲದವನು.

"ಮಾರಣ್ಣ, ಬೇಡ ಅಂದೋರ್ಯಾರು?" ಹಾಲಿನ ವ್ಯಾನಿನವನು ಎದ್ದು ನಿಂತ. "ಈಗ್ಲೇ ನಾನು ಹಾಲು ತುಂಬ್ಕೊಂಡು ಸೇತುವೆ ಹತ್ತಿದ್ರೆ ಆಚೆ ಮೊಸರು ಇಳಿಸ್ತೀನಿ. ಇನ್ನಷ್ಟು ಮನೆ ಬಂದ್ರೆ ತುಪ್ಪಾನೇ ಮಾರ್ಬೇಕು."

ಎಲ್ಲರೂ ನಕ್ಕರು. ಮೊದಲು ಇನ್ನೊಂದು ಸೇತುವೆ ಕಟ್ಟಿ ಎಂದರು ಕೆಲವರು. ಮನೆ ಬಂದರೆ ತಾನೇ ಸೇತುವೆ ಬರುವುದು ಎಂದರು ಇನ್ನು ಕೆಲವರು. ಮಾತು ಗಾಣದ ಎತ್ತಿನಂತೆ ಸುತ್ತಿತು. ಕೊನೆಗೆ ಮೇಲಧಿಕಾರಿ ಸರ್ವೆಯರ್ ಕಡೆ ತಿರುಗಿದರು. "ರಸ್ತೆ ಹೇಗಿದೆಯಪ್ಪ?"

ಅವನಿಗೆ ಮನೆಗೆ ಹೋಗಬೇಕಿತ್ತು. ವರ್ಗವಾಗಿ ಬಂದು ಹೊಲಗಳ ಅಂಚಿನಲ್ಲೇ ಬಾಡಿಗೆ ಮನೆ ಹಿಡಿದಿದ್ದ. ಅಲ್ಲಿ ತುಂಬು ಬಸುರಿ ಹೆಂಡತಿ ಊದಿದ ಕಾಲು ಚಾಚಿಕೊಂಡು ಒಬ್ಬಳೇ ಕುಳಿತಿದ್ದಳು.

"ಖಾಲಿ ಇದೆ ಸರ್."

ಹೊಲಗಳು ನಕ್ಷೆಯಲ್ಲಿ ಬೇಸಾಯದ ಹಸಿರಿನಿಂದ ವಸತಿಯ ಹಳದಿಗೆ ತಿರುಗಿದವು.

ಮರುದಿನ ಸಂಜೆ ಹೆಂಡತಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ನೋವು ಬಂದ ಕೂಡಲೇ ಹೊರಡಿ, ತಡವಾದರೆ ಇಬ್ಬರಿಗೂ ಕಷ್ಟ ಎಂದು ಡಾಕ್ಟರ್ ಹೇಳಿದ್ದರು. ಆಸ್ಪತ್ರೆ ಸೇತುವೆಯ ಆಚೆಗೆ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟ. ಮೋಡ ಕವಿದು ಬೇಗನೆ ಕತ್ತಲಾಗಿತ್ತು. ಸೇತುವೆಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

ಸೇತುವೆ ಹತ್ತುತ್ತಲೇ ಕಾರು ಎದುರಿಗೆ ಯಾವುದಕ್ಕೋ ಬಡಿದು ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?"

ಅವನು ಆಕ್ಸಿಲರೇಟರ್ ಒತ್ತಿದ. ಚಕ್ರ ಚೀರಿತು. ರಬ್ಬರು ಸುಟ್ಟ ನಾತ. ಅದರ ಹಿಂದೆಯೇ ಡೀಸೆಲ್ ಹೊಗೆಯ ನಾತ, ದಟ್ಟವಾಗಿ, ಗಂಟಲು ಕಟ್ಟುವಷ್ಟು. ಆಮೇಲೆ ಹಾರ್ನು. ಒಂದಲ್ಲ, ನೂರು. ಖಾಲಿ ರಸ್ತೆಯ ತುಂಬ ಹಾರ್ನು.

"ಕೇಳಿಸ್ತಿದೆಯಾ ನಿಂಗೆ?"

"ಏನು? ಯಾರೂ ಇಲ್ವಲ್ರೀ! ನಡೀರಿ!"

ಇಳಿದ. ಹೆಜ್ಜೆಯಿಟ್ಟ. ಮೊಣಕಾಲಿಗೆ ಕಾದ ಲೋಹ ಬಡಿಯಿತು. ಕೈಚಾಚಿ ತಡವಿದ. ಬಾನೆಟ್. ಕನ್ನಡಿ. ಇಳಿಸಿದ ಗಾಜಿನ ಅಂಚು. ಗಾಜಿನ ಆಚೆಯಿಂದ ಯಾರದೋ ಬಿಸಿಯುಸಿರು ಬೆರಳಿಗೆ ತಾಗಿತು. ಇನ್ನೂ ಕಟ್ಟದ ಮನೆಗಳಿಂದ, ಹಳದಿ ಹೊಲಗಳಿಂದ, ಎಲ್ಲರೂ ಆಗಲೇ ಹೊರಟು ಬಂದಿದ್ದರು.

ಹಿಂದೆ ಕಾರಿನ ಬಾಗಿಲು ತೆರೆದುಕೊಂಡಿತು. ಹೆಂಡತಿ ಹೊಟ್ಟೆ ಹಿಡಿದುಕೊಂಡು ಇಳಿದಳು. "ನಿಮಗೇನಾಗಿದೆಯೋ. ನಾನು ನಡ್ಕೊಂಡೇ ಹೋಗ್ತೀನಿ." ತಡೆಗೋಡೆಗೆ ಕೈಯೂರಿ ನಡೆದಳು. ಏನೂ ತಡೆಯಲಿಲ್ಲ ಅವಳನ್ನು. ಗಾಳಿಯಲ್ಲಿ ನಡೆದ ಹಾಗೆ ನಡೆದಳು.

ಅವನು ಅಡ್ಡಡ್ಡವಾಗಿ ನುಗ್ಗಿದ. ಪಕ್ಕೆ ತರಚಿತು. ಅಂಗಿ ಹರಿಯಿತು. ನಡು ಸೇತುವೆ. ಇನ್ನು ಸ್ವಲ್ಪ. ಅಷ್ಟರಲ್ಲಿ ಎದುರಿನ ಗಾಡಿ ಹಿಂದೆ ಸರಿಯಿತು. ಹಿಂದಿನದು ಮುಂದೆ ಬಂತು. ಎದೆಗೆ ಒಂದು, ಬೆನ್ನಿಗೆ ಒಂದು. ಬಿಗಿಯಾಗಿ ಹಿಡಿದು ನಿಂತವು.

ಆಚೆ ತುದಿಯಲ್ಲಿ ಹಾಲಿನ ವ್ಯಾನು ಬಂದು ನಿಂತಿತ್ತು. ವ್ಯಾನಿನವನು ಓಡಿಬಂದು ಅವಳ ತೋಳು ಹಿಡಿದ.

"ಅಯ್ಯೋ ತಾಯಿ, ಒಬ್ರೇನಾ? ಯಜಮಾನ್ರು?"

"ಇಲ್ಲೇ ಹಿಂದೇನೇ ಇದ್ರು..."

ತಿರುಗಿದಳು. ನೇರ ಅವನನ್ನೇ ನೋಡಿದಳು. ಅವನು ಕೈಯೆತ್ತಿ ಕೂಗಿದ, ಅವಳ ಹೆಸರು ಹಿಡಿದು ಕೂಗಿದ. ಹಾರ್ನುಗಳು ಕೂಗನ್ನು ನುಂಗಿದವು. ಅವಳ ಕಣ್ಣು ಅವನ ಮೇಲೆ ನಿಲ್ಲಲಿಲ್ಲ. ಅವನನ್ನು ದಾಟಿ, ಬಾಗಿಲು ತೆರೆದ ಕಾರಿನವರೆಗೆ ಹೋಗಿ, ಬರಿದೇ ಮರಳಿತು.

ವ್ಯಾನಿನವನು ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. "ಯಾರೂ ಕಾಣ್ತಿಲ್ವಲ್ಲಮ್ಮ. ಮೊದಲು ನೀವು ಹತ್ತಿ. ಮಗು ಕಾಯಲ್ಲ."

ವ್ಯಾನು ಆಸ್ಪತ್ರೆಯ ಕಡೆ ತಿರುಗಿ ಹೊರಟಿತು. ಅದರ ಕೆಂಪು ದೀಪ ಸಣ್ಣದಾಗುತ್ತ ಹೋಗಿ ತಿರುವಿನಲ್ಲಿ ಆರಿತು. ಅವಳು ಬದುಕುತ್ತಾಳೆ, ಎಂದುಕೊಂಡ. ಮಗುವೂ.

ಆಮೇಲೆ ಹಾರ್ನುಗಳು ಒಂದೊಂದಾಗಿ ನಿಂತವು. ಎದೆಗೂ ಬೆನ್ನಿಗೂ ಒತ್ತಿದ ಲೋಹ ಮಾತ್ರ ಸಡಿಲಲಿಲ್ಲ. ಎದುರಿನ ಗಾಡಿಯವನು ನಿಟ್ಟುಸಿರು ಬಿಟ್ಟು ಎಂಜಿನ್ ಆರಿಸಿದ. ಅವನ ಮುಂದಿನವನೂ ಆರಿಸಿದ. ಅವನ ಮುಂದಿನವನೂ.