ಬೂದಿಯೊಳಗಿನ ನೀಲಿ ಮಣಿಗಳು

"ಉರಿ ನೋಡ್ಬ್ಯಾಡ, ಕಣ್ಣಿಗೆ ಒಳ್ಳೇದಲ್ಲ. ಆ ಕಡೆ ಕೂತ್ಕೊ," ಎಂದಳು ಅಮ್ಮ.

ಭವ್ಯ ಒಂದು ಗೇಣು ಹಿಂದೆ ಸರಿದಳು, ಅಷ್ಟೆ. ಅಮ್ಮ ಮಣಿ ಮಾಡುವಾಗ ಅವಳನ್ನು ಅಲ್ಲಿಂದ ಏಳಿಸಲು ಆನೆ ಬಂದರೂ ಆಗದು.

ಹಿತ್ತಿಲ ಚಪ್ಪರದ ಕೆಳಗೆ ಪುಟ್ಟ ಗ್ಯಾಸ್ ಸಿಲಿಂಡರ್ ಇತ್ತು. ಅದಕ್ಕೆ ಸಿಕ್ಕಿಸಿದ ಬೆಸುಗೆಯ ಟಾರ್ಚ್ ಭುಸ್ಸೆಂದು ಉರಿಯುತ್ತಿತ್ತು. ಅಮ್ಮನ ಎಡಗೈಯಲ್ಲಿ ಜೇಡಿಮಣ್ಣು ಸವರಿ ಒಣಗಿಸಿದ ಸೈಕಲ್ ಕಡ್ಡಿ, ಬಲಗೈಯ ಇಕ್ಕಳದಲ್ಲಿ ನೀಲಿ ಬಳೆಯ ಚೂರು. ಚೂರು ಕೆಂಪಗಾಗಿ, ಬೆಲ್ಲದ ಪಾಕದ ಹಾಗೆ ಇಳಿಯತೊಡಗಿದಾಗ ಅಮ್ಮ ಅದನ್ನು ಕಡ್ಡಿಗೆ ಸುತ್ತಿಕೊಂಡಳು. ಕಡ್ಡಿ ತಿರುಗುತ್ತಲೇ ಇರಬೇಕು. ಕೈ ನಿಂತರೆ ಗಾಜು ಒಂದೇ ಕಡೆ ಜೋತುಬಿದ್ದು, ಮಣಿ ಹೋಗಿ ಹುಣಸೆಬೀಜ ಆಗುತ್ತದೆ.

"ಇನ್ನೂ ಎಷ್ಟಮ್ಮ?"

"ನಿನ್ ಬಾಯ್ನೇ ಕೇಳು," ಎಂದಳು ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಶಂಕರಮ್ಮ. "ಒಪ್ಕಂಡು ಬಂದದ್ದು ಅದೇ ತಾನೆ?"

ಭವ್ಯ ತಲೆ ತಗ್ಗಿಸಿದಳು. ಅಜ್ಜಿ ಹೇಳಿದ್ದು ನಿಜ.

ಸ್ಕೂಲ್ ಡೇಗೆ ಹುಡುಗಿಯರ ಕೋಲಾಟ ಇತ್ತು. "ಎಲ್ಲರೂ ಒಂದೇ ಥರದ ಸರ ಹಾಕ್ಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ, ಅಲ್ವಾ?" ಎಂದು ಮಿಸ್ ಸುಮ್ಮನೆ ಅಂದಿದ್ದರು. ಭವ್ಯಳ ಕೈ ಮೇಲೆದ್ದೇ ಬಿಟ್ಟಿತು. "ಮಿಸ್, ನಮ್ಮಮ್ಮ ಮಾಡ್ಕೊಡ್ತಾರೆ! ಗಾಜಿನ ಮಣಿ! ಎಲ್ರಿಗೂ ಒಂದೊಂದು! ಸೋಮವಾರ ತರ್ತೀನಿ ಮಿಸ್!" ಮನೆಯಲ್ಲಿ ಒಂದು ಮಾತು ಕೇಳಬೇಕು ಎಂದು ಆ ಬಾಯಿಗೆ ಹೊಳೆದಿದ್ದರೆ ತಾನೆ!

ಕೇಳಿದಾಗ ಅಜ್ಜಿ ಹಣೆ ಚಚ್ಚಿಕೊಂಡಿದ್ದಳು. "ಮಾತು ಆಡುದ್ರೆ ಓಯ್ತು, ಮುತ್ತು ಒಡುದ್ರೆ ಓಯ್ತು. ಇವ್ಳು ಆಡ್ಬುಟ್ಟು ಬಂದವ್ಳೆ. ಇನ್ನು ನೀನು ಮಾಡು." ಅಮ್ಮ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು.

ಅಮ್ಮ ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ಆಡಿಸಿ ಎಳೆ ಹುಡುಕುವುದು. ಸಂಜೆ ಹನೂರಿಗೆ ಬರುವ ಬಸ್ಸಿನಲ್ಲಿ ಬೆಟ್ಟದ ದೇವಸ್ಥಾನಕ್ಕೆ ಹೋಗುವವರೇ ತುಂಬಿರುತ್ತಿದ್ದರು, ಸೀಟು ಎಲ್ಲಿಂದ ಬರಬೇಕು? ನಿಂತೇ ಬರುತ್ತಿದ್ದಳು. ಮನೆಗೆ ಬಂದಾಗ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು.

ಭಾನುವಾರ ಮಾತ್ರ ಅವಳದು. ಬಟ್ಟೆ ಒಗೆದು, ಭವ್ಯಳ ತಲೆ ಬಾಚಿ, ಆಮೇಲೆ ಟಾರ್ಚ್ ಹಚ್ಚುವಳು. ಚಿಕ್ಕವಳಿದ್ದಾಗ ಬುಡ್ಡಿದೀಪದಲ್ಲಿ ಬಳೆಚೂರು ಬಗ್ಗಿಸಿ ಸರಪಳಿ ಮಾಡುತ್ತಿದ್ದಳಂತೆ. ಆ ಹುಚ್ಚು ಬಿಟ್ಟಿರಲಿಲ್ಲ. ಫೋನಿನಲ್ಲಿ ಯಾರೋ ಗಾಜಿನ ಮಣಿ ಮಾಡುವುದನ್ನು ನೋಡಿ, ಬಳೆ ಅಂಗಡಿಯಿಂದ ಒಡೆದ ಬಳೆ ತಂದು, ತಾನೇ ಕಲಿತಳು. ಒಂದು ಮಣಿ, ಹೆಚ್ಚೆಂದರೆ ಎರಡು. ಅದನ್ನು ಮಾಡುವಾಗ ಅವಳ ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಳ್ಳುತ್ತಿತ್ತು, ಸಣ್ಣಗೆ ಹಾಡೂ ಬರುತ್ತಿತ್ತು. ಮಾಡಿದ ಮಣಿ ಯಾರಾದರೂ ಚೆನ್ನಾಗಿದೆ ಎಂದರೆ ಸಾಕು, ಕೊಟ್ಟುಬಿಡುವಳು. ಅವಳ ಕೊರಳಿಗೆ ಅಂತ ಒಂದೂ ಉಳಿದಿರಲಿಲ್ಲ.

ಈ ಭಾನುವಾರ ಹಾಡು ಬರಲಿಲ್ಲ. ಬೆಳಗಿನಿಂದ ಕೂತವಳು ಊಟಕ್ಕೆ ಎದ್ದದ್ದು ಬಿಟ್ಟರೆ ಕೂತೇ ಇದ್ದಳು. ಮಣಿ ಆದ ಹಾಗೆಲ್ಲ ಕಡ್ಡಿ ಸಮೇತ ನೀರೊಲೆಯ ಬಿಸಿ ಬೂದಿಯಲ್ಲಿ ಹೂಳುತ್ತಿದ್ದಳು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಮಣಿಯೂ ಬೂದಿ ಸೇರಿತು. ಅಮ್ಮ ಸೊಂಟ ಹಿಡಿದುಕೊಂಡು ಎದ್ದಳು.

"ಬೆಳಿಗ್ಗೆಗಂಟ ಯಾರೂ ಮುಟ್ಬಾರ್ದು. ಬೆಳಿಗ್ಗೆ ನಾನೇ ದಾರಕ್ಕೆ ಪೋಣಿಸ್ಕೊಡ್ತೀನಿ," ಎಂದು ಚಾಪೆಯ ಮೇಲೆ ಹಾಗೇ ಒರಗಿದವಳು ನಿದ್ದೆ ಹೋದಳು. ಲೋಟದ ಕಾಫಿ ಪಕ್ಕದಲ್ಲೇ ಆರಿತು. ಅಜ್ಜಿ ಹಾಲು ತರಲು ಹೊರಟಳು.

ಭವ್ಯ ಅಮ್ಮನನ್ನು ನೋಡಿದಳು. ಬಾಯಿ ಅರ್ಧ ತೆರೆದಿತ್ತು. ಬೆರಳಿಗೆ ಹೊಸದಾಗಿ ಒಂದು ಬೊಬ್ಬೆ ಬಂದಿತ್ತು. 

ಬೆಳಿಗ್ಗೆ ಅಮ್ಮ ಕತ್ತಲಲ್ಲೇ ಎದ್ದು ಮುದ್ದೆ ಮಾಡಬೇಕು, ಬಸ್ ಹಿಡಿಯಬೇಕು. ಅದರ ಮಧ್ಯೆ ಪೋಣಿಸುವುದು ಯಾವಾಗ? ಮಣಿಗಳನ್ನು ಈಗಲೇ ತೆಗೆದು ತಾನೇ ಪೋಣಿಸಿಟ್ಟರೆ? ಅಮ್ಮ ಎದ್ದು ನೋಡಿದರೆ ಎಲ್ಲ ರೆಡಿ! ಬೂದಿ ಬಿಸಿ ಇದ್ದರೇನಂತೆ, ಒಲೆ ಆರಿಸುವುದು ಭವ್ಯಳಿಗೆ ಗೊತ್ತಿಲ್ಲವೆ? ಇದ್ದಿಲು ಉಳಿಯಲಿ ಎಂದು ದಿನಾ ಸಂಜೆ ನೀರೊಲೆಗೆ ನೀರು ಚಿಮುಕಿಸುವುದು ಅವಳದೇ ಕೆಲಸ.

ಚೊಂಬಿನಲ್ಲಿ ನೀರು ತಂದಳು. ಬೂದಿಯ ಮೇಲೆ ಚಿಮುಕಿಸಿದಳು. ಚುಂಯ್ ಎಂದು ಹಬೆ ಎದ್ದಿತು. ಇನ್ನೊಂದಿಷ್ಟು ಸುರಿದಳು.

ಟಿಕ್.

ಭವ್ಯ ಕೈ ತಡೆದಳು.

ಟಿಕ್. ಟಿಕ್ ಟಿಕ್. ಬೂದಿಯ ಒಳಗೆ ಯಾರೋ ಹುರಿಗಡಲೆ ಕಡಿಯುತ್ತಿರುವ ಹಾಗೆ ಸದ್ದು.

"ಅಯ್ಯಯ್ಯೋ!" ಕಡ್ಡಿಯೊಂದನ್ನು ಸೌದೆ ತುಂಡಿನಿಂದ ಎಳೆದಳು. ಮಣಿ ನಡುವೆ ಸೀಳಿತ್ತು. ಅರ್ಧ ಉದುರಿ ಬೂದಿಗೆ ಬಿತ್ತು. ಇನ್ನೊಂದನ್ನು ಎಳೆದಳು, ಅದೂ ಹಾಗೆಯೇ. ಮೂಲೆಯಲ್ಲಿದ್ದವಾದರೂ ಉಳಿದಿರಬಹುದು ಎಂದು ಕೆದಕಿದಳು. ಉಳಿದಿರಲಿಲ್ಲ.

ಬೆನ್ನ ಹಿಂದೆ ಅಮ್ಮ ನಿಂತಿದ್ದಳು.

ಭವ್ಯ ಸೌದೆ ತುಂಡನ್ನು ಕೆಳಗೆ ಹಾಕಿದಳು. "ನಾನು... ಬೇಗ ಆರ್ಲಿ ಅಂತ... ನೀನ್ ಮಲಗಿರು ಅಂತ..."

ಅಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಇಕ್ಕಳದಿಂದ ಒಂದು ಚೂರು ಎತ್ತಿ, ಊದಿ, ಬೆಳಕಿಗೆ ಹಿಡಿದಳು.

"ಬಣ್ಣ ಚೆಂದಾಗಿ ಬಂದಿತ್ತು," ಎಂದಳು.

ಇದಕ್ಕಿಂತ ಎರಡು ಏಟು ಬಿದ್ದಿದ್ದರೆ ವಾಸಿಯಿತ್ತು. ಭವ್ಯ ಗೊಳೋ ಎಂದು ಅತ್ತಳು. "ಬೈಯಮ್ಮ! ಬೈಬಾರ್ದಾ!"

"ಬೈಯಕ್ಕೂ ಶಕ್ತಿ ಬೇಕು ಕಣವ್ವ," ಎಂದಳು ಅಮ್ಮ. ಸೆರಗಿನಿಂದ ಭವ್ಯಳ ಮೂಗು ಒರೆಸಿದಳು. 

"ನೀನೇನು ಬೇಕು ಅಂತ ಮಾಡ್ದ್ಯಾ? ಉರಿಯಿಂದ ಈಚೆಗೆ ಬಂದ ಗಾಜು ಮೇಲ್ಗಡೆ ಆರ್ದಂಗೆ ಕಾಣ್ತದೆ. ಒಳಗೆ ಇನ್ನೂ ಕುದೀತಿರ್ತದೆ. ಆಗ ತಣ್ಣೀರು ಉಯ್ದರೆ ಸೀಳೋಯ್ತದೆ. ಬೂದೀಲಿ ಸುಮ್ಕೆ ಬುಟ್ಬುಡ್ಬೇಕು, ತಾನಾಗೇ ಆರ್ತದೆ."

ಹಾಲು ತಂದ ಅಜ್ಜಿ ಒಲೆ ನೋಡಿ ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮುಚ್ಚಿಕೊಂಡಳು. 

ಬೆಳಿಗ್ಗೆ ಸ್ಕೂಲಿನಲ್ಲಿ ಕೋಲಾಟದ ಹುಡುಗಿಯರೆಲ್ಲ ಭವ್ಯಳನ್ನು ಮುತ್ತಿಕೊಂಡರು. "ತಂದ್ಯಾ? ತೋರ್ಸೇ!"

"ಇಲ್ಲ. ಒಡೆದೋಯ್ತು. ನಾನೇ ಒಡೆದ್ಬಿಟ್ಟೆ."

"ಏ, ಡವ್!" ಎಂದಳು ಪಕ್ಕದ ಬೆಂಚಿನ ಸುನಿತಾ. "ಸುಮ್ನೆ ಬಿಲ್ಡಪ್ ಕೊಟ್ಟೆ ತಾನೆ? ನಿಮ್ಮಮ್ಮಂಗೆ ಮಾಡಕ್ಕೇ ಬರಲ್ಲ ಅನ್ಸುತ್ತೆ."

ಭವ್ಯಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಮಿಸ್ ಬಂದರು. ವಿಷಯ ಕೇಳಿ, "ಹೋಗ್ಲಿ ಬಿಡು. ಸ್ಕೂಲ್ ಡೇಗೆ ಇನ್ನೂ ಟೈಮ್ ಇದೆ. ಬರೋ ಭಾನುವಾರ ಮಾಡ್ಕೊಡ್ತಾರಾ ಕೇಳು," ಎಂದರು.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಹೂಂ ಎಂದುಬಿಟ್ಟರೆ ಮುಗಿಯಿತು. ಸುನಿತಾಳ ಬಾಯಿಯೂ ಮುಚ್ಚುತ್ತದೆ, ಅಮ್ಮನೂ ಇಲ್ಲ ಅನ್ನುವವಳಲ್ಲ. ಭವ್ಯಳ ಬಾಯಿ ತೆರೆದೇ ಬಿಟ್ಟಿತ್ತು.

ಚಾಪೆಯ ಮೇಲೆ ಮಲಗಿದ್ದ ಅಮ್ಮ ನೆನಪಾದಳು.

"ಇಲ್ಲ ಮಿಸ್," ಎಂದಳು. "ಅಮ್ಮಂಗೆ ಆಗಲ್ಲ. ತುಂಬಾ ಸುಸ್ತಾಗುತ್ತೆ. ನಾನು ಕೇಳ್ದೆ ಹೇಳ್ಬಿಟ್ಟಿದ್ದೆ. ಸಾರಿ ಮಿಸ್."

"ಸರಿ, ರಿಬ್ಬನ್ ಕಟ್ಕೊಂಡ್ರಾಯ್ತು," ಎಂದರು ಮಿಸ್. ಹುಡುಗಿಯರು ಮುಖ ಊದಿಸಿಕೊಂಡರು. ಪ್ರಾಕ್ಟೀಸಿನಲ್ಲಿ ಸುನಿತಾ ಬೇಕೆಂದೇ ಕೋಲು ಜೋರಾಗಿ ಹೊಡೆದಳು. ಭವ್ಯಳ ಬೆರಳು ಚುರುಗುಟ್ಟಿತು. 

ಸಂಜೆ ಭವ್ಯ ಜಗಲಿಯ ಮೇಲೆ ಕಾಯುತ್ತಿದ್ದಳು. ಹೇಳುವುದು ಬೇಕಾದಷ್ಟಿತ್ತು. ಸುನಿತಾ ಅಂದದ್ದು, ಬೆರಳಿಗೆ ಏಟು ಬಿದ್ದದ್ದು, ನಾಳೆಗೆ ಚಾರ್ಟ್ ಪೇಪರ್ ಬೇಕಾದದ್ದು. ದಿನಾ ಅಮ್ಮ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಓಡಿಹೋಗಿ ಬ್ಯಾಗಿಗೆ ಜೋತುಬಿದ್ದು ಎಲ್ಲವನ್ನೂ ಅಲ್ಲೇ ಸುರಿಯುತ್ತಿದ್ದಳು.

ಅಮ್ಮ ಬಂದಳು. ಚಪ್ಪಲಿ ಎಳೆದುಕೊಂಡು ಬರುತ್ತಿದ್ದಳು. ಮುಖಕ್ಕೆ ಬಸ್ಸಿನ ಧೂಳು ಮೆತ್ತಿತ್ತು. ಭವ್ಯಳನ್ನು ನೋಡಿ ನಕ್ಕಳು.

ಭವ್ಯ "ಅಮ್ಮಾ!" ಎಂದು ಎದ್ದವಳು ಅಲ್ಲೇ ನಿಂತಳು. ನಕ್ಕಿದ್ದು ತುಟಿ ಮಾತ್ರ. ಹುಬ್ಬಿನ ನಡುವೆ ಗಂಟು ಹಾಗೇ ಇತ್ತು.

ಅವಳು ಬ್ಯಾಗು ಇಸಿದುಕೊಂಡು ಒಳಗಿಟ್ಟಳು. ಒಂದು ಚೊಂಬು ನೀರು ತಂದುಕೊಟ್ಟಳು. ಅಮ್ಮ ಕುಡಿದು, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಭವ್ಯ ಪಕ್ಕದಲ್ಲಿ ಕೂತಳು, ಸುಮ್ಮನೆ. ಚಾರ್ಟ್ ಪೇಪರ್ ನಾಲಿಗೆಯ ತುದಿಯಲ್ಲೇ ಇತ್ತು. ತುಟಿ ಕಚ್ಚಿಕೊಂಡಳು.

ಎಮ್ಮೆಗಳು ಮನೆಗೆ ಹೋದವು. ಬೀದಿದೀಪ ಹತ್ತಿತು. ಅಮ್ಮನ ಉಸಿರು ನಿಧಾನವಾಯಿತು. ಬಿಗಿದಿದ್ದ ಅವಳ ಭುಜಗಳು ಇಳಿದವು.

"ಏನವ್ವ, ಇವತ್ತು ಮಾತೇ ಇಲ್ಲ?" ಎಂದಳು ಅಮ್ಮ ಕಣ್ಣು ಮುಚ್ಚಿಕೊಂಡೇ. "ಮಿಸ್ಸು ಬೈದ್ರಾ? ಬರ ಭಾನುವಾರ ಮಾಡ್ಕೊಡನ ಬುಡು."

"ಬೇಡ. ಮಿಸ್‌ಗೆ ಆಗಲ್ಲ ಅಂತ ಹೇಳ್ದೆ."

ಅಮ್ಮ ಕಣ್ಣು ತೆರೆದಳು.

"ಮಾಡುದ್ರೆ ನಿಂಗೆ ಒಂದು ಮಾಡ್ಕೊ," ಎಂದಳು ಭವ್ಯ. "ಒಂದೇ. ಯಾರ್ ಕೇಳುದ್ರೂ ಕೊಡ್ಬೇಡ."

ಅಮ್ಮ ಅವಳನ್ನು ನೋಡಿದಳು. ಆಮೇಲೆ ಸುಕ್ಕುಗಟ್ಟಿದ ಬೆರಳುಗಳಿಂದ ಅವಳ ತಲೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. "ಇನ್ನೇನೋ ಹೇಳದು ಇರಂಗದೆ ನಿನ್ ಮುಖ್ದಲ್ಲಿ. ಏನು ಹೇಳು."

"ಆಮೇಲೆ ಹೇಳ್ತೀನಿ," ಎಂದಳು ಭವ್ಯ. "ನೀನು ಇನ್ನೂ ಸ್ವಲ್ಪ ಹೊತ್ತು ಹಿಂಗೇ ಕೂತಿರು."