ಗೇಟಿನ ಬಳಿಯ ಲಿಂಬೆಹಣ್ಣು

ಊಟದ ಡಬ್ಬಿ ಬಿಚ್ಚುವ ಹೊತ್ತಿಗೇ ದೂರು ಬರುವುದು ದಾವಣಗೆರೆಯ ಆ ಠಾಣೆಯ ಹಣೆಬರಹ. ಇನ್ಸ್‌ಪೆಕ್ಟರ್ ಆಶಾ ಮೊದಲ ತುತ್ತು ರೊಟ್ಟಿ ಮುರಿಯುವಷ್ಟರಲ್ಲಿ ಜವಳಿ ವ್ಯಾಪಾರಿ ಕೊಟ್ಟೂರೇಶ್ ಬೆವರು ಒರೆಸಿಕೊಳ್ಳುತ್ತ ಎದುರಿಗೆ ಬಂದು ನಿಂತ.

“ಮೇಡಂ, ನನ್ನ ಕಾರು ಕಳುವಾಗೇತ್ರಿ. ಜರ್ಮನ್ ಕಾರು.”

“ಹೊಸದಾ?”

“ಹೊಸದರಂಗೇ ಐತ್ರಿ. ಹತ್ತು ವರ್ಷದ್ದು.”

ದೂರು ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ಬಕ್ಕೇಶ್ ನಗು ನುಂಗಿ ಬರೆಯುವುದನ್ನು ಮುಂದುವರಿಸಿದ. ಕಾರನ್ನು ಬೆಂಗಳೂರಿನಿಂದ ತಂದು ಎರಡು ತಿಂಗಳಾಗಿತ್ತು. ಕಪ್ಪು ಬಣ್ಣ, ಕಾಲಿಟ್ಟರೆ ಹಾರುವ ಇಂಜಿನ್. ಮರುದಿನ ನಸುಕಿಗೆ ಹೆಂಡತಿ ರಶ್ಮಿತಾ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೆಂದು ಮನೆಯಲ್ಲಿ ಬಟ್ಟೆಬರೆ ಕಟ್ಟಿಯಾಗಿತ್ತು. ಕೊಟ್ಟೂರೇಶನ ಅನುಮಾನವೆಲ್ಲ ಡ್ರೈವರ್ ನಿಂಗರಾಜುವಿನ ಮೇಲೆ. ಅವನ ಫೋನ್ ಸ್ವಿಚ್ ಆಫ್. ಮಧ್ಯಾಹ್ನ 1.40ಕ್ಕೆ ಎಫ್‌ಐಆರ್ ದಾಖಲಾಯಿತು, ಆಶಾ ಡಬ್ಬಿ ಮುಚ್ಚಿದಳು.

ಆನೆಕೊಂಡದ ಮನೆಯಂಗಳದಲ್ಲಿ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ದೇವರ ಕೋಣೆಯಲ್ಲಿ ನೇತುಹಾಕಿದ್ದ ಇನ್ನೊಂದು ಕೀಲಿ ಮಾತ್ರ ಇರಲಿಲ್ಲ. ಗೇಟಿನ ಒಳಬದಿಯಲ್ಲಿ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ಚಕ್ರಕ್ಕೊಂದರಂತೆ ನಾಲ್ಕು ಲಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು.

“ಕಳ್ಳ ದೈವಭಕ್ತ ಇರಬೇಕು ಮೇಡಂ,” ಎಂದ ಬಕ್ಕೇಶ್.

“ಅವು ನಮ್ಮವ್ವ ಇಟ್ಟವ್ರಿ,” ಎಂದ ಕೊಟ್ಟೂರೇಶ್. “ಲಿಂಬೆಹಣ್ಣು ಇಡದೆ ಗಾಡಿ ದೂರ ಹೋಗಾಕ ಬಿಡಂಗಿಲ್ಲ. ಹಳೇವು ಇರಬೇಕು.”

ಆಶಾ ಬಗ್ಗಿ ಒಂದನ್ನು ಮುಟ್ಟಿದಳು. ರಸ ಇನ್ನೂ ಬೆರಳಿಗೆ ಅಂಟುತ್ತಿತ್ತು.

“ನಿಮ್ಮವ್ವ ಎಲ್ಲಿ?”

“ಬೆಳಿಗ್ಗೆನೇ ಕೊಂಡಜ್ಜಿಗೆ ಹೋಗ್ಯಾಳ್ರಿ. ತವರುಮನೆ. ಬಸ್ಸಿಗೆ ಹೋಗಿರ್ತಾಳೆ.”

ಆಶಾ ಬೆರಳು ಒರೆಸಿಕೊಂಡಳು. ಕಾರನ್ನು ಕೊನೆಗೆ ಮುಟ್ಟಿದ ಮೆಕ್ಯಾನಿಕ್ ಯಾರೆಂದು ಕೇಳಿದಳು. ಹರಿಹರದ ಶಬ್ಬೀರ್ ಎಂದಾಗ ಕೊಟ್ಟೂರೇಶನನ್ನೂ ಜೀಪಿಗೆ ಹತ್ತಿಸಿಕೊಂಡು ಅತ್ತ ಹೊರಟಳು.

ಕಾರು ಕಳುವಾದ ಸುದ್ದಿ ಕೇಳಿ ಗ್ಯಾರೇಜಿನಿಂದ ಹೊರಬಂದ ಶಬ್ಬೀರ್ ಮೊದಲು ಕೊಟ್ಟೂರೇಶನ ಮುಖ ನೋಡಿದ, ಆಮೇಲೆ ಆಶಾಳದು.

“ಆ ಗಾಡಿ ರೋಡಿಗಿಳೀತಾ ಮೇಡಂ? ಹಿಂದಿನ ಬ್ರೇಕ್ ಪೈಪ್ ಒಡೆದು ಆಯಿಲ್ ಸೋರ್ತಿತ್ತು. ಮೀಟರಿನಾಗೆ ಕೆಂಪು ಲೈಟ್ ಬರ್ತಿತ್ತು. ಪಾರ್ಟ್ ತರಿಸ್ತೀನಿ, ಅಲ್ಲೀತನಕ ಓಡಿಸಬ್ಯಾಡ್ರಿ ಅಂದಿದ್ದೆ.”

“ಅದಕ್ಕೆ ಇವರೇನಂದ್ರು?”

“ಉಡುಪಿಗೆ ಹೋಗಿ ಬಂದಮ್ಯಾಲೆ ನೋಡಾಣ ಅಂದ್ರು. ಆ ಲೈಟಿನ ಮ್ಯಾಲೆ ಕರೀ ಟೇಪ್ ಅಂಟಿಸ್ಕೊಂಡು ಹೋದ್ರು.”

ಕೊಟ್ಟೂರೇಶ್ ಕೆಮ್ಮಿದ. “ಜರ್ಮನ್ ಗಾಡಿ ಸುಮ್‌ಸುಮ್ನೆ ನೂರು ಲೈಟ್ ತೋರಿಸ್ತಾವ್ರಿ. ಬರೀ ಸೆನ್ಸರ್ ಪ್ರಾಬ್ಲಂ.”

ಈವರೆಗೆ ಆಶಾ ಒಂದು ಕಾರನ್ನು ಹುಡುಕುತ್ತಿದ್ದಳು. ಈಗ ಹೆದ್ದಾರಿಯಲ್ಲೆಲ್ಲೋ ಬ್ರೇಕಿಲ್ಲದೆ ಓಡುತ್ತಿರುವ ಕಾರು, ಶಾಲೆ ಬಿಡುವ ಹೊತ್ತು ಬೇರೆ. ಕಂಟ್ರೋಲ್ ರೂಮಿಗೆ ಕರೆಮಾಡಿ, ಕಪ್ಪು ಸೆಡಾನ್ ಕಂಡರೆ ಯಾರೂ ಅಡ್ಡ ನಿಂತು ತಡೆಯಬಾರದೆಂದು ಎರಡು ಬಾರಿ ಹೇಳಿದಳು.

“ನೀನು ಇದನ್ನೆಲ್ಲ ಹೇಳುವಾಗ ಇವರ ಜತೆ ಯಾರಿದ್ರು?” ಎಂದು ಶಬ್ಬೀರ್‌ನನ್ನು ಕೇಳಿದಳು.

“ಇವರ ತಾಯಿ ಇದ್ರಲ್ಲ. ಹಿಂದಿನ ಸೀಟಿನಾಗೆ ಕೂತು ಎಲ್ಲಾ ಕೇಳಿಸ್ಕೊಂತಿದ್ರು.”

ಹಸಿ ಲಿಂಬೆಹಣ್ಣು, ದೇವರ ಕೋಣೆಯ ಕೀಲಿ, ಬೆಳಿಗ್ಗೆಯೇ ತವರಿಗೆ ಹೊರಟ ತಾಯಿ. ಆಶಾ ಜೀಪಿನತ್ತ ಓಡಿದಳು. “ಬಕ್ಕೇಶ್, ಕೊಂಡಜ್ಜಿಗೆ ನಡಿ.”

ಕೆರೆ ದಾಟಿ ಊರೊಳಗೆ ಹೋಗುವವರೆಗೂ ರಸ್ತೆಯ ಎರಡೂ ಬದಿಯ ಗುಂಡಿಗಳನ್ನು ಅವಳು ನೋಡುತ್ತಲೇ ಹೋದಳು. ಎಲ್ಲೂ ಏನೂ ಬಿದ್ದಿರಲಿಲ್ಲ. ಕೊಟ್ಟೂರೇಶನ ತಾಯಿ ಮರುಳಸಿದ್ದಮ್ಮನ ತಮ್ಮನ ದನದ ಕೊಟ್ಟಿಗೆಯ ಮುಂದೆ ಜೀಪು ನಿಂತಾಗ, ಮೆಕ್ಕೆಜೋಳದ ಸೊಪ್ಪೆಯ ರಾಶಿಯಿಂದ ಕಪ್ಪು ಬಾನೆಟ್ ಇಣುಕುತ್ತಿತ್ತು. ಒಂದು ಗೀರೂ ಬಿದ್ದಿರಲಿಲ್ಲ. ಪಕ್ಕದಲ್ಲಿ ನಿಂಗರಾಜು ಕೈಕಟ್ಟಿ ನಿಂತಿದ್ದ, ಕಟ್ಟೆಯ ಮೇಲೆ ಮರುಳಸಿದ್ದಮ್ಮ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಆಶಾಳಿಗೆ ಉಸಿರು ಬಂದಂತಾಯಿತು. ಬಂದ ಉಸಿರಲ್ಲೇ ಅವಳು ನಿಂಗರಾಜುವನ್ನು ಗದರಿದಳು.

“ಬ್ರೇಕಿಲ್ಲದ ಗಾಡೀನ ಇಲ್ಲೀತನಕ ಹೆಂಗೋ ತಂದೆ?”

“ಹಳ್ಳಿ ದಾರಿ ಹಿಡಿದು ಹ್ಯಾಂಡ್‌ಬ್ರೇಕ್ ಮ್ಯಾಲೆ ಬಂದ್ವಿ ಮೇಡಂ. ಟ್ರ್ಯಾಕ್ಟರ್‌ಗಳೂ ನಮ್ಮನ್ನ ದಾಟಿಕೊಂಡು ಹೋದವು.”

“ಅವನನ್ನ ಬೈಬ್ಯಾಡ್ರಿ,” ಎಂದಳು ಮರುಳಸಿದ್ದಮ್ಮ. “ಕೀಲಿ ಕೊಟ್ಟಾಕಿ ನಾನು. ಫೋನ್ ಆಫ್ ಮಾಡಂದಾಕೀನೂ ನಾನೇ.”

ಕೊಟ್ಟೂರೇಶ್ ಬಾಯಿ ತೆರೆದ. ಆಶಾ ಅವನಿಗೆ ಮಾತಾಡಲು ಬಿಡಲಿಲ್ಲ. ಕಾರಿನ ಬಾಗಿಲು ತೆಗೆದು, ಕೂತು ಕೀಲಿ ತಿರುಗಿಸಿ ಬ್ರೇಕ್ ಒತ್ತಲು ಹೇಳಿದಳು. ಅವನು ಒತ್ತಿದ. ಪೆಡಲು ತಡೆಯೇ ಇಲ್ಲದೆ ಕೆಳಗಿನ ಮ್ಯಾಟಿಗೆ ತಾಗಿತು. ಇನ್ನೊಮ್ಮೆ ಒತ್ತಿದ, ಮತ್ತೂ ಹಾಗೇ. ಅವನು ಉಗುರಿನಿಂದ ಟೇಪಿನ ತುದಿ ಎಬ್ಬಿಸಿ ಕಿತ್ತ. ಕೆಂಪು ದೀಪ ಉರಿಯುತ್ತಲೇ ಇತ್ತು. ಮಕ್ಕಳು ಹಿಂದಿನ ಸೀಟಿನಲ್ಲಿ ಆಗಲೇ ಜೋಡಿಸಿಟ್ಟಿದ್ದ ಎರಡು ಪುಟ್ಟ ದಿಂಬುಗಳನ್ನು ಅವನು ತಿರುಗಿ ನೋಡಿದ.

“ಬಾಯಿಬಿಟ್ಟು ಹೇಳಬಹುದಿತ್ತಲ್ಲ ಅವ್ವ,” ಎಂದಳು ಆಶಾ ಮೆಲ್ಲಗೆ.

“ಮೂರು ದಿನದಿಂದ ಹೇಳೇ ಹೇಳಿದೆ ತಾಯಿ. ಅವ್ವ, ನಿನಗ ಜರ್ಮನ್ ಗಾಡಿ ವಿಷಯ ತಿಳಿಯಂಗಿಲ್ಲ ಅಂದ. ಗಾಡಿ ತಿಳಿಯಂಗಿಲ್ಲ ಖರೆ. ಮೊಮ್ಮಕ್ಕಳು ಘಾಟಿ ಇಳೀತಾವೆ ಅನ್ನಾದು ತಿಳೀತು. ನಿದ್ದಿ ಬರಲಿಲ್ಲ.”

ಕೊಟ್ಟೂರೇಶ್ ಇಳಿದು ಬಂದು, ದೂರು ವಾಪಸ್ ತಗೊಳ್ಳುತ್ತೇನೆಂದ.

“ಎಫ್‌ಐಆರ್ ಆಗೇತ್ರಿ, ಹಂಗೆಲ್ಲ ಅಳಿಸಾಕ ಬರಂಗಿಲ್ಲ,” ಎಂದಳು ಆಶಾ. “ನೀವೂ ನಿಮ್ಮವ್ವನೂ ಠಾಣೆಗೆ ಬಂದು ಹೇಳಿಕೆ ಕೊಡ್ರಿ. ಕಳುವೇ ಅಲ್ಲ ಅಂತ ಕೋರ್ಟಿಗೆ ಬಿ ರಿಪೋರ್ಟ್ ಹಾಕ್ತೀನಿ. ಈ ಗಾಡಿ ಮಾತ್ರ ಟೋ ಮಾಡ್ಕೊಂಡು ಶಬ್ಬೀರ್ ಹತ್ರಕ್ಕೇ ಹೋಗ್ಬೇಕು.”

ಮರುಳಸಿದ್ದಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. “ಅಂದ್ರೆ ನಾನು ಈಗ ಅರೆಸ್ಟಾದಂಗಾ?”

“ಹೊತ್ತು ಮುಳುಗಾದ್ರೊಳಗೆ ಮನಿಗೆ ಬಿಡ್ತೀನಿ, ಬರ್ರಿ ಅವ್ವ.”

ಮುದುಕಿ ಜೀಪಿನ ಹತ್ತಿರ ಬಂದವಳು ಹತ್ತಲಿಲ್ಲ. ಸೊಂಟದ ಚೀಲದಿಂದ ಲಿಂಬೆಹಣ್ಣು ತೆಗೆದು, ಮಂಡಿ ಹಿಡಿದುಕೊಂಡು ಬಗ್ಗಿ, ಮುಂದಿನ ಚಕ್ರದ ಕೆಳಗಿಟ್ಟಳು. ಆಶಾ ತಡೆಯಲಿಲ್ಲ.

“ನಿಮ್ಮ ಗಾಡಿ ಬ್ರೇಕ್ ಹೆಂಗೈತೆ?” ಎಂದು ಮುದುಕಿ ಕೇಳಿದಳು.

ಸ್ಟೇರಿಂಗ್ ಹಿಂದೆ ಕೂತಿದ್ದ ಬಕ್ಕೇಶ್ ಉತ್ತರ ಕೊಡುವ ಮೊದಲು ಎರಡು ಸಲ ಬ್ರೇಕ್ ಒತ್ತಿ ನೋಡಿದ.